26 ಕೆಜಿ ಚೀಲ

ತುಂಗಭದ್ರಾ ಎಡದಂಡೆ ಕಾಲುವೆ ಬರೋ ಮುಂಚೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಊಟ ಅಂದ್ರೆ ಜೋಳದ ರೊಟ್ಟಿ. ಸೇರಿನಲ್ಲಿ ಅಳೆದು ಕೊಡೋ ಕಾಳಿಗೆ ಲೇಬಲ್ ಎಲ್ಲಿಂದ ಬರಬೇಕು? ನೀರು ಬಂತು, ಸಿಂಧನೂರು ಭತ್ತದ ಸೀಮೆಯಾಯ್ತು, ಅಕ್ಕಿ ಚೀಲಗಳ ಮೇಲೆ ಹೆಸರು ಬಂತು.

2011ರ ಪೊಟ್ಟಣ ನಿಯಮಗಳು ತೂಕ, ಬೆಲೆ, ವಿಳಾಸ ಅಚ್ಚು ಹಾಕಿ ಅಂದವು. 25 ಕೆಜಿ ಮೀರಿದ ಅಕ್ಕಿ ಚೀಲಕ್ಕೆ ಮಾತ್ರ ಆ ನಿಯಮ ಇಲ್ಲ. 2022ರ ಜುಲೈ 18ರಿಂದ ಜಿಎಸ್‌ಟಿಯೂ ಅದೇ ಗೆರೆ ಹಿಡೀತು: 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5, ಮೀರಿದರೆ ಸೊನ್ನೆ. ಮಾರುಕಟ್ಟೆಗೆ 26 ಕೆಜಿ ಚೀಲ ಬಂತು! ಅಧಿಕಾರಿ ತಕ್ಕಡಿಗೆ ಹಾಕಿದರೂ ತಪ್ಪು ಸಿಗಲ್ಲ. ಜಾಣತನವೇ, ಒಪ್ಪೋಣ. ಆದರೆ ದೊಡ್ಡ ಚೀಲ ತರೋ ನಮ್ಮಂಥವರಿಗೆ ತೆರಿಗೆ ಇಲ್ಲ. ಕೂಲಿ ಮುಗಿಸಿ ಐದು ಕೆಜಿ ಪ್ಯಾಕೆಟ್ ಒಯ್ಯುವವರಿಗೆ ಇದೆ.