ಜಿಂಕೆಗೆ ಬಿತ್ತಿದ ಹೊಲ

ಮನುಷ್ಯನು ತನ್ನ ಹೊಟ್ಟೆಗಾಗಿ ಬಿತ್ತುವುದು ಕೃಷಿ. ತನ್ನ ದನಕರುಗಳ ಮೇವಿಗಾಗಿ ಬಿತ್ತುವುದೂ ಕೃಷಿಯೇ. ಆದರೆ ತಾನು ಸಾಕದ, ತನ್ನ ಬೇಲಿಯೊಳಗೆ ನಿಲ್ಲದ ಕಾಡುಮೃಗಕ್ಕಾಗಿ ಬಿತ್ತಿ, ಅದು ಮೇಯಲು ಬಂದಾಗ ಬೇಟೆಯಾಡುವುದನ್ನು ಏನೆಂದು ಕರೆಯಬೇಕು? ಅಮೆರಿಕ ಸಂಯುಕ್ತ ಸಂಸ್ಥಾನದ ಗ್ರಾಮಪ್ರದೇಶಗಳಲ್ಲಿ ಇದು ಇಂದು ಸಾಮಾನ್ಯ ರೂಢಿಯಾಗಿದೆ. ಹಿರಿಯರಿಂದ ಬಂದ ಜಮೀನಿನಲ್ಲಿ ಕಾಡಂಚಿನ ಒಂದೆರಡು ತಾಕುಗಳನ್ನು ಹದಮಾಡಿ, ಮಣ್ಣನ್ನು ಪರೀಕ್ಷಿಸಿ, ಸುಣ್ಣ ಬೆರೆಸಿ, ಕ್ಲೋವರ್, ಓಟ್ಸ್, ಸೋಯಾ ಅವರೆ, ಟರ್ನಿಪ್‌ಗಳನ್ನು ಬಿತ್ತುತ್ತಾರೆ. ಆ ಬೆಳೆ ಕಣಕ್ಕೆ ಬರುವುದಿಲ್ಲ. ಶರತ್ಕಾಲದಲ್ಲಿ ಬಿಳಿಬಾಲದ ಜಿಂಕೆ ಅಲ್ಲಿಗೆ ಮೇಯಲು ಬರುತ್ತದೆ. ಮರದ ಮೇಲಿನ ಅಟ್ಟಣೆಯಲ್ಲಿ ಮನೆಯ ಹಿರಿಯನೋ ಮಗಳೋ ಬಿಲ್ಲು ಇಲ್ಲವೆ ಬಂದೂಕು ಹಿಡಿದು ಕಾದಿರುತ್ತಾರೆ. ಉಣಿಸುವ ಕೈಯೂ ಕೊಲ್ಲುವ ಕೈಯೂ ಒಂದೇ ಆಗಿರುವ ಈ ವ್ಯವಸ್ಥೆಗೆ ದೀರ್ಘವಾದ ಇತಿಹಾಸವಿದೆ. ಉಣಿಸಿದವನು ತನಗೆ ತಿಳಿಯದೆಯೇ ಒಂದು ಹೊಣೆಯನ್ನು ಹೊತ್ತುಕೊಳ್ಳುತ್ತಾನೆ ಎಂಬ ಅರಿವು ಆ ಇತಿಹಾಸದಲ್ಲಿ ಬಹು ತಡವಾಗಿ ಮೂಡಿತು.

ಈ ಪದ್ಧತಿ ಅಮೆರಿಕದಲ್ಲಿ ಹುಟ್ಟಿದ್ದೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಸಾಗುವಳಿಗೆ ಒದಗದ ನೆಲವನ್ನು ಹೇಗೆ ಬಳಸಬೇಕೆಂಬ ವಿಚಾರ ಬರುತ್ತದೆ. ಅಂಥ ನೆಲದಲ್ಲಿ ಅರಸನ ವಿಹಾರಕ್ಕಾಗಿ ಒಂದು ಮೃಗವನವನ್ನು ನಿರ್ಮಿಸಬೇಕು: ಅದಕ್ಕೆ ಒಂದೇ ಬಾಗಿಲು, ಸುತ್ತ ಕಂದಕ, ಒಳಗೆ ಸಿಹಿಹಣ್ಣಿನ ಗಿಡಬಳ್ಳಿಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ನೀರಿನ ತಾಣ, ಪಳಗಿದ ಜಿಂಕೆಗಳು, ಉಗುರು ಕೋರೆಗಳನ್ನು ಮುರಿದ ಕ್ರೂರಮೃಗಗಳು. ಮೃಗದ ಬಾಯಿಗೆ ರುಚಿಸುವ ಗಿಡವನ್ನು ಆರಿಸಿ ಬೆಳೆಸುವ ಲೆಕ್ಕಾಚಾರ ಇಲ್ಲಿ ಸ್ಪಷ್ಟವಾಗಿದೆ. ಇದರ ಬೆನ್ನಿಗೇ ಕೌಟಿಲ್ಯನು ರಾಜ್ಯದ ಗಡಿಯಲ್ಲಿ ಮತ್ತೊಂದು ಮೃಗವನವನ್ನು ವಿಧಿಸುತ್ತಾನೆ. ಅಲ್ಲಿ ಎಲ್ಲ ಮೃಗಗಳೂ ಅತಿಥಿಗಳು. ಬೇಟೆಯ ವನ, ಆತಿಥ್ಯದ ವನ ಇವೆರಡೂ ಒಂದೇ ಪ್ರಕರಣದಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುದು ಗಮನಾರ್ಹ.

ಹದಿಮೂರನೆಯ ಶತಮಾನದ ಮಂಗೋಲ ಸಾಮ್ರಾಜ್ಯದಲ್ಲಿ ಈ ಕ್ರಮ ಇನ್ನಷ್ಟು ವ್ಯವಸ್ಥಿತವಾಗಿತ್ತೆಂದು ಮಾರ್ಕೊ ಪೋಲೊನ ಪ್ರವಾಸಕಥನದಿಂದ ತಿಳಿಯುತ್ತದೆ. ಕುಬ್ಲಾಯ್ ಖಾನನು ಚಗನ್ ನೋರ್ ಪ್ರದೇಶದ ಕಣಿವೆಯ ಇಳಿಜಾರುಗಳಲ್ಲಿ ಹಕ್ಕಿಗಳು ಬಯಸುವ ನವಣೆಯಂಥ ಧಾನ್ಯಗಳನ್ನು ಬಿತ್ತಿಸಿ, ಅದನ್ನು ಯಾರೂ ಕೊಯ್ಯಬಾರದೆಂದು ಆಜ್ಞಾಪಿಸಿದ್ದನು. ಚಳಿಗಾಲದಲ್ಲಿ ಕಾವಲುಗಾರರು ಅಲ್ಲಿ ಕಾಳು ಚೆಲ್ಲುತ್ತಿದ್ದರು. ಮೃಗಗಳು ಮರಿಹಾಕುವ ತಿಂಗಳುಗಳಲ್ಲಿ ಮೊಲ, ಜಿಂಕೆಗಳ ಬೇಟೆಗೆ ನಿಷೇಧವಿತ್ತು. ಕೌಟಿಲ್ಯನ ಅರಸನಿಗೂ ಖಾನನಿಗೂ ಒಂದು ಸಾಮ್ಯವಿದೆ: ನೆಲವೂ ಅವರದೇ, ಮೃಗವೂ ಅವರದೇ. ಯೂರೋಪಿನ ಅರಸರೂ ಜಮೀನುದಾರರೂ ತಮ್ಮ ಬೇಟೆವನಗಳನ್ನು ಕಾಯ್ದುಕೊಂಡದ್ದು ಇದೇ ನ್ಯಾಯದ ಮೇಲೆ. ಬಡವನೊಬ್ಬನು ಹೊಕ್ಕು ಜಿಂಕೆ ಹೊಡೆದರೆ ಅದು ಕಳವು, ದಂಡಾರ್ಹ ಅಪರಾಧ.

ಅಮೆರಿಕದಲ್ಲಿ ಈ ನ್ಯಾಯ ಬದಲಾಯಿತು. ಕಾಡುಪ್ರಾಣಿ ಯಾವ ಖಾಸಗಿ ವ್ಯಕ್ತಿಯ ಸ್ವತ್ತೂ ಅಲ್ಲ. ಪ್ರಜೆಗಳ ಪರವಾಗಿ ಅದನ್ನು ರಾಜ್ಯ ಸರ್ಕಾರ ಕಾಯುತ್ತದೆ ಎಂಬ ತತ್ತ್ವವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1896ರಲ್ಲಿ ಎತ್ತಿಹಿಡಿಯಿತು. ಅಷ್ಟರಲ್ಲಿ ಕಾಯುವುದಕ್ಕೆ ಉಳಿದದ್ದೇ ಸ್ವಲ್ಪವಾಗಿತ್ತು. ರೈಲುಮಾರ್ಗಗಳು ಹರಡಿದ ಮೇಲೆ ಕಾಡಿನ ಮಾಂಸ, ಚರ್ಮಗಳು ನಗರದ ಮಾರುಕಟ್ಟೆಗೆ ಸುಲಭವಾಗಿ ಸಾಗಿದವು. ಮಾರಾಟಕ್ಕಾಗಿಯೇ ಬೇಟೆಯಾಡುವವರ ವೃತ್ತಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಬಿಳಿಬಾಲದ ಜಿಂಕೆಯ ಸಂಖ್ಯೆ ದೇಶದಾದ್ಯಂತ ಐದು ಲಕ್ಷಕ್ಕೂ ಕೆಳಗಿಳಿದಿತ್ತೆಂದು ಅಂದಾಜು. 1900ರ ಲೇಸಿ ಕಾಯ್ದೆ ಕಾನೂನುಬಾಹಿರ ಬೇಟೆಯ ಸಾಗಾಟವನ್ನು ತಡೆಯಿತು. ರಾಜ್ಯಗಳು ಋತುನಿಯಮಗಳನ್ನು ಬಿಗಿಗೊಳಿಸಿದವು. ಆದರೂ ಒಂದು ತೊಡಕು ಉಳಿಯಿತು. ಮೃಗ ಎಲ್ಲರದು, ಅದು ಮೇಯುವ ನೆಲ ಮಾತ್ರ ರೈತನದು. ತನ್ನದಲ್ಲದ ಮೃಗಕ್ಕಾಗಿ ರೈತನೇಕೆ ಪೊದೆಯನ್ನು ಉಳಿಸಬೇಕು, ತಾಕನ್ನು ಬಿಡಬೇಕು?

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡವರು ಆಲ್ಡೊ ಲಿಯೊಪೋಲ್ಡ್. 1887ರಲ್ಲಿ ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಜನಿಸಿದ ಅವರು ಬಾಲ್ಯದಿಂದಲೇ ಬೇಟೆಗಾರರು. 1909ರಲ್ಲಿ ಅರಣ್ಯ ಇಲಾಖೆಯ ನೌಕರರಾಗಿ ಅರಿಝೋನಾ, ನ್ಯೂ ಮೆಕ್ಸಿಕೋ ಸೀಮೆಗೆ ಹೋದಾಗ, ತೋಳಗಳು ಕಡಿಮೆಯಾದಷ್ಟೂ ಜಿಂಕೆಗಳು ಹೆಚ್ಚುತ್ತವೆ, ಜಿಂಕೆ ಹೆಚ್ಚಿದಷ್ಟೂ ಬೇಟೆಗಾರನಿಗೆ ಲಾಭ ಎಂಬ ಅಂದಿನ ನಂಬಿಕೆಯನ್ನು ಅವರೂ ಹಂಚಿಕೊಂಡಿದ್ದರು. 1930ರಲ್ಲಿ ಅವರ ಅಧ್ಯಕ್ಷತೆಯ ಸಮಿತಿ ರೂಪಿಸಿದ ಬೇಟೆನೀತಿಯು, ಮೃಗವನ್ನು ಪೋಷಿಸುವ ಭೂಮಾಲೀಕನಿಗೆ ಪ್ರತಿಫಲ ಸಿಗಬೇಕೆಂದು ಶಿಫಾರಸು ಮಾಡಿತು. ಮರುವರ್ಷ ವಿಸ್ಕಾನ್ಸಿನ್ ರಾಜ್ಯದ ಡೇನ್ ಕೌಂಟಿಯ ರೈಲಿ ಎಂಬಲ್ಲಿ ಅವರೂ ಕೆಲವು ನಗರವಾಸಿ ಬೇಟೆಗಾರರೂ ಅಲ್ಲಿನ ರೈತರೊಡನೆ ಸೇರಿ ಒಂದು ಸಹಕಾರಿ ವ್ಯವಸ್ಥೆಯನ್ನು ಕಟ್ಟಿದರು. ರೈತರು ನೆಲ ಕೊಟ್ಟರು, ಪಟ್ಟಣದವರು ಖರ್ಚಿನಲ್ಲಿ ಪಾಲು ಕೊಟ್ಟರು. ಬೇಟೆಯ ಹಕ್ಕು ಇಬ್ಬರಿಗೂ ದೊರೆಯಿತು.

1933ರಲ್ಲಿ ಪ್ರಕಟವಾದ ‘ಗೇಮ್ ಮ್ಯಾನೇಜ್‌ಮೆಂಟ್’ ಗ್ರಂಥ ಈ ವಿಚಾರಗಳಿಗೆ ಶಾಸ್ತ್ರದ ರೂಪ ಕೊಟ್ಟಿತು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಲಿಯೊಪೋಲ್ಡ್ ಆ ವಿಷಯದ ಪ್ರಾಧ್ಯಾಪಕರಾದರು. ಬೇಟೆಪ್ರಾಣಿಯೂ ಒಂದು ಬೆಳೆ, ಭೂಮಿಯನ್ನು ತಕ್ಕಂತೆ ಸಜ್ಜುಗೊಳಿಸಿದರೆ ವರ್ಷವರ್ಷವೂ ಅದನ್ನು ಪಡೆಯಬಹುದು ಎಂಬುದು ಆ ಗ್ರಂಥದ ಮೂಲಭಾವ. ಅದರ ಇತಿಹಾಸಭಾಗದಲ್ಲಿ ಕುಬ್ಲಾಯ್ ಖಾನನ ನವಣೆಹೊಲದ ಪ್ರಸ್ತಾಪವೂ ಇದೆ. ಆಹಾರ, ನೀರು, ಅಡಗುದಾಣ ಇವುಗಳಲ್ಲಿ ಯಾವುದು ಕೊರತೆಯಾಗಿದೆಯೋ ಅದನ್ನು ತುಂಬಿದರೆ ಮೃಗಸಂಪತ್ತು ತಾನಾಗಿ ಹೆಚ್ಚುತ್ತದೆ ಎಂಬ ತರ್ಕದಿಂದಲೇ ಇಂದಿನ ಮೇವಿನ ತಾಕುಗಳ ಶಾಸ್ತ್ರವೂ ಬೆಳೆದಿದೆ. ಲಿಯೊಪೋಲ್ಡ್ ಅಲ್ಲಿಗೇ ನಿಂತಿದ್ದರೆ ಬೇಟೆಗಾರರ ಆಚಾರ್ಯರೆಂದಷ್ಟೇ ಸ್ಮರಣೀಯರಾಗುತ್ತಿದ್ದರು. ಮುಂದಿನ ಹತ್ತು ವರ್ಷಗಳಲ್ಲಿ ತಮ್ಮದೇ ಶಾಸ್ತ್ರದ ಗಡಿಯನ್ನು ಅವರು ಕಂಡುಕೊಂಡರು.

1935ರಲ್ಲಿ ಎರಡು ಘಟನೆಗಳು ನಡೆದವು. ಮೊದಲನೆಯದು, ಬ್ಯಾರಬೂ ಪಟ್ಟಣದ ಸಮೀಪ ವಿಸ್ಕಾನ್ಸಿನ್ ನದಿಯ ದಡದಲ್ಲಿ ಅವರು ಎಂಬತ್ತು ಎಕರೆ ಜಮೀನನ್ನು ಕೊಂಡದ್ದು. ಹಿಂದಿನ ಬೇಸಾಯದಿಂದ ಸತ್ತ್ವಗುಂದಿದ ಮರಳುನೆಲ ಅದು. ಮನೆ ಸುಟ್ಟುಹೋಗಿತ್ತು, ಉಳಿದದ್ದು ಗೊಬ್ಬರ ತುಂಬಿದ ಒಂದು ಕೋಳಿಗೂಡು. ಬೇಟೆಯ ಬಿಡಾರವೊಂದು ಬೇಕೆಂಬ ಆಸೆಯೇ ಆ ಖರೀದಿಗೆ ಪ್ರೇರಣೆ; ಬಿಲ್ಲಿನಿಂದ ಜಿಂಕೆಯ ಬೇಟೆಯಾಡುವುದು ಅವರಿಗೆ ಅಚ್ಚುಮೆಚ್ಚು. ಬಿಲ್ಲುಗಳನ್ನು ತಾವೇ ಕೆತ್ತುತ್ತಿದ್ದರು. ಮಡದಿ ಎಸ್ಟೆಲ್ಲಾ ಬಿಲ್ಲುವಿದ್ಯೆಯಲ್ಲಿ ಅವರಿಗಿಂತ ನಿಪುಣೆ. ದಂಪತಿಗಳೂ ಐವರು ಮಕ್ಕಳೂ ಕೋಳಿಗೂಡನ್ನು ಶುಚಿಗೊಳಿಸಿ ವಾರಾಂತ್ಯದ ವಸತಿಯಾಗಿಸಿದರು. 1936ರ ವಸಂತದಲ್ಲಿ ನೆಟ್ಟ ಪೈನ್ ಸಸಿಗಳಲ್ಲಿ ಬಹುಪಾಲು ಆ ವರ್ಷದ ಬರಗಾಲದಲ್ಲಿ ಒಣಗಿದವು. ಕುಟುಂಬ ಮತ್ತೆ ನೆಟ್ಟಿತು. ಹೀಗೆ ವರ್ಷವರ್ಷವೂ ಸಾವಿರಾರು ಸಸಿಗಳು, ಪೊದೆಗಿಡಗಳು, ಆ ಸೀಮೆಯಿಂದ ಮರೆಯಾಗಿದ್ದ ಹುಲ್ಲುಗಾವಲಿನ ಹೂಗಿಡಗಳು ನೆಲ ಸೇರಿದವು. ಬೇಟೆಗೆಂದು ಕೊಂಡ ಭೂಮಿ ಕ್ರಮೇಣ ಶುಶ್ರೂಷೆಯ ಭೂಮಿಯಾಯಿತು.

ಎರಡನೆಯ ಘಟನೆ, ಅದೇ ವರ್ಷದ ಕೊನೆಯ ಭಾಗದಲ್ಲಿ ಅವರು ಕೈಗೊಂಡ ಜರ್ಮನಿಯ ಅಧ್ಯಯನಪ್ರವಾಸ. ಅಲ್ಲಿ ಅರಣ್ಯವೂ ಬೇಟೆಯೂ ಶತಮಾನಗಳಿಂದ ಶಿಸ್ತಿಗೆ ಒಳಪಟ್ಟಿದ್ದವು. ಸಾಲುಸಾಲಾಗಿ ಸ್ಪ್ರೂಸ್ ಮರಗಳು, ಅವುಗಳ ನಡುವೆ ಜಿಂಕೆಗೆ ಚಳಿಗಾಲದ ಹುಲ್ಲು ಹಾಕುವ ಕೊಟ್ಟಿಗೆಗಳು. ಜಿಂಕೆಗೆ ಕೊರತೆಯಿರಲಿಲ್ಲ, ಆದರೆ ಕಾಡಿನ ನೆಲ ಬೋಳಾಗಿತ್ತು. ಹೊರಗಿನಿಂದ ಬಂದ ಆಹಾರದ ಬಲದಿಂದ ಉಳಿದ ಜಿಂಕೆಗಳು, ಒಳಗೆ ಹುಟ್ಟಿದ ಗಿಡಮೂಲಿಕೆ, ಪೊದೆ, ಎಳೆಸಸಿಗಳನ್ನೆಲ್ಲ ಮೇದು ಮುಗಿಸಿದ್ದವು. ಕೊರತೆಯನ್ನು ತುಂಬಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ತರ್ಕದ ತಪ್ಪು ಇಲ್ಲಿ ಕಣ್ಣಿಗೆ ಬಿತ್ತು. ಮೃಗದ ಹಸಿವು ಒಂದು ಋತುವಿನದಲ್ಲ, ಒಂದು ಗಿಡದ್ದೂ ಅಲ್ಲ. ಒಂದು ತಿಂಗಳ ಹಸಿವನ್ನು ತಣಿಸಿ ಬದುಕಿಸಿದ ಮೃಗವು ಉಳಿದ ತಿಂಗಳುಗಳಲ್ಲಿ ಕಾಡಿನಿಂದಲೇ ತಿನ್ನುತ್ತದೆ.

ಸ್ವದೇಶದಲ್ಲೂ ಇದಕ್ಕೆ ಪೂರ್ವನಿದರ್ಶನವಿತ್ತು. ಅರಿಝೋನಾದ ಕೈಬಾಬ್ ಪ್ರಸ್ಥಭೂಮಿಯನ್ನು 1906ರಲ್ಲಿ ರಕ್ಷಿತಪ್ರದೇಶವೆಂದು ಘೋಷಿಸಿ, ಜಿಂಕೆಬೇಟೆಯನ್ನು ನಿಲ್ಲಿಸಿ, ತೋಳ, ಪರ್ವತಸಿಂಹಗಳನ್ನು ಕೊಲ್ಲಿಸಲಾಯಿತು. ಜಿಂಕೆಗಳು ವಿಪರೀತವಾಗಿ ಬೆಳೆದು, 1920ರ ದಶಕದ ನಡುವಿನ ಚಳಿಗಾಲಗಳಲ್ಲಿ ಹಸಿವಿನಿಂದ ಗುಂಪುಗುಂಪಾಗಿ ಸತ್ತವು. ಆಗ ನಮೂದಾದ ಅಂಕಿಸಂಖ್ಯೆಗಳನ್ನೂ ಕಾರಣಗಳನ್ನೂ ಮುಂದಿನ ವಿದ್ವಾಂಸರು ಪ್ರಶ್ನಿಸಿರುವರಾದರೂ, ಜಿಂಕೆಗಳು ಹಸಿದು ಸತ್ತದ್ದರಲ್ಲಿ ವಿವಾದವಿಲ್ಲ.

1940ರ ದಶಕದಲ್ಲಿ ವಿಸ್ಕಾನ್ಸಿನ್ ಅದೇ ದಾರಿ ಹಿಡಿದಿತ್ತು. 1915ರಿಂದ ಅಲ್ಲಿ ಗಂಡುಜಿಂಕೆಯನ್ನು ಮಾತ್ರ ಹೊಡೆಯಬಹುದೆಂಬ ನಿಯಮವಿತ್ತು. ಹೆಣ್ಣನ್ನೂ ಮರಿಯನ್ನೂ ಕೊಲ್ಲುವುದು ಜನರ ಮನಸ್ಸಿಗೆ ಒಗ್ಗದ ಮಾತು. ಚಳಿಗಾಲದಲ್ಲಿ ಸರ್ಕಾರವೇ ಮೇವು ಹಾಕಿಸುತ್ತಿತ್ತು. ಪರಿಶೀಲನೆಗೆ ನೇಮಕವಾದ ಸಮಿತಿಯ ಅಧ್ಯಕ್ಷರಾಗಿ ಲಿಯೊಪೋಲ್ಡ್ ಉತ್ತರದ ಕಾಡುಗಳಲ್ಲಿ ಹಸಿವಿನಿಂದ ಸತ್ತ ಮರಿಗಳನ್ನು ಕಂಡರು. ಮೇವು ಹಾಕುವುದು ಪರಿಹಾರವಲ್ಲ, ಸಂಖ್ಯೆಯನ್ನು ಇಳಿಸಬೇಕು, ಅದಕ್ಕೆ ಹೆಣ್ಣುಜಿಂಕೆಯ ಬೇಟೆಗೂ ಅನುಮತಿ ಬೇಕು, ತೋಳಗಳ ತಲೆಗೆ ಕೊಡುವ ಬಹುಮಾನ ನಿಲ್ಲಬೇಕು ಎಂಬುದು ಅವರ ನಿಲುವು. 1943ರಲ್ಲಿ ಅಂಥ ಬೇಟೆಯ ಋತು ನಡೆಯಿತು. ಸುಮಾರು 1,28,000 ಜಿಂಕೆಗಳು ಹತವಾದವು. ರಾಜ್ಯವೆಲ್ಲ ಕೆರಳಿತು. ಪತ್ರಿಕೆಗಳು ಅದನ್ನು ಆ ವರ್ಷದ ಮಹಾಪರಾಧವೆಂದು ಕರೆದವು. ದಯೆಯಿಂದ ಮೇವು ಹಾಕುವವರ ಎದುರು ಕೊಲ್ಲಿರೆಂದು ಹೇಳಿದವನು ನಿರ್ದಯನಾಗಿ ಕಂಡದ್ದು ಸಹಜ.

ಈ ಕೋಲಾಹಲದ ನಡುವೆ, 1944ರಲ್ಲಿ, ಲಿಯೊಪೋಲ್ಡ್ ಒಂದು ಕಿರುಪ್ರಬಂಧ ಬರೆದರು. ತಾರುಣ್ಯದಲ್ಲಿ ತಮ್ಮ ಗುಂಡೇಟಿಗೆ ಸಿಕ್ಕ ತಾಯಿತೋಳವೊಂದರ ಕಣ್ಣಿನಲ್ಲಿ ಆರುತ್ತಿದ್ದ ಹಸುರು ಬೆಳಕನ್ನು ಅವರು ಅದರಲ್ಲಿ ನೆನೆಯುತ್ತಾರೆ. ಜಿಂಕೆ ತೋಳಕ್ಕೆ ಅಂಜುವಂತೆ ಬೆಟ್ಟವು ಜಿಂಕೆಗೆ ಅಂಜುತ್ತದೆ ಎಂಬ ಆಶಯ ಅದರ ತಿರುಳು. ಬೇಟೆಗಾರನು ತನ್ನ ಕೈಯ ಕೊಲೆಯನ್ನು ತಾನೇ ವಿಚಾರಣೆಗೆ ಒಡ್ಡಿದ ಅಪರೂಪದ ಬರಹವದು.

ಕನ್ನಡದ ಓದುಗರಿಗೆ ಇಲ್ಲಿ ನೇಮಿನಾಥನ ಕಥೆ ನೆನಪಾಗದಿರದು. ಕರ್ಣಪಾರ್ಯನೇ ಮೊದಲಾದ ಚಂಪೂಕವಿಗಳಿಗೆ ವಸ್ತುವಾದ ಆ ಚರಿತೆಯಲ್ಲಿ, ಮದುವೆಗೆ ಹೊರಟ ಕುಮಾರನು ದಾರಿಯಲ್ಲಿ ಅತಿಥಿಗಳ ಊಟಕ್ಕೆಂದು ಕೂಡಿಹಾಕಿದ ಮೃಗಗಳ ಮೊರೆ ಕೇಳಿ ರಥವನ್ನು ತಿರುಗಿಸುತ್ತಾನೆ, ತಪಸ್ಸಿಗೆ ತೆರಳುತ್ತಾನೆ. ನೇಮಿಯ ಮಾರ್ಗ ತ್ಯಾಗದ್ದು. ಲಿಯೊಪೋಲ್ಡ್ ಬೇಟೆಯನ್ನು ತ್ಯಜಿಸಲಿಲ್ಲ. ಕೊನೆಯವರೆಗೂ ಬಂದೂಕು, ಬಿಲ್ಲುಗಳನ್ನು ಹಿಡಿದೇ ಇದ್ದರು. ಎರಡನ್ನೂ ಸಮೀಕರಿಸುವುದು ಸಲ್ಲದು. ಆದರೆ ಮೃಗವು ತನಗಾಗಿ ಇದೆ ಎಂಬ ಭಾವ ಅದರ ಕಣ್ಣನ್ನೋ ಕೂಗನ್ನೋ ಎದುರಿಸಿದಾಗ ಕುಸಿದದ್ದು ಎರಡೂ ಕಡೆ ಸಮಾನ. ತ್ಯಜಿಸಲಾರದವನಿಗೆ ಸಾಧ್ಯವಾದದ್ದು ಸಂಯಮ ಮತ್ತು ಹೊಣೆ.

1948ರ ಏಪ್ರಿಲ್ 21ರಂದು ನೆರೆಯವರ ಜಮೀನಿಗೆ ಬಿದ್ದ ಬೆಂಕಿಯನ್ನು ನಂದಿಸುತ್ತಿರುವಾಗಲೇ ಲಿಯೊಪೋಲ್ಡ್ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ ಪ್ರಕಟವಾಯಿತು. ಅಷ್ಟರಲ್ಲಿ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟ 1937ರ ಕಾಯ್ದೆ ಫಲಕೊಡತೊಡಗಿತ್ತು. ಇಂದು ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ಸುಮಾರು ಮೂರು ಕೋಟಿ ಎಂದು ಅಂದಾಜು. ಕೊರತೆಯ ಕಾಲ ಮುಗಿದಿದೆ. ಆದರೂ ಮೇವಿನ ತಾಕುಗಳು ಹೆಚ್ಚುತ್ತಲೇ ಇವೆ. ದೊಡ್ಡ ಕೊಂಬಿನ ಗಂಡುಜಿಂಕೆಯನ್ನು ತನ್ನ ಜಮೀನಿನತ್ತ ಸೆಳೆಯುವ ಪೈಪೋಟಿಯೂ ಅದಕ್ಕೊಂದು ಕಾರಣ.

2002ರಲ್ಲಿ ರೈಲಿ ಇರುವ ಅದೇ ಡೇನ್ ಕೌಂಟಿಯ ಜಿಂಕೆಗಳಲ್ಲಿ, ಮಿದುಳನ್ನು ಕ್ಷಯಗೊಳಿಸಿ ಕೊಲ್ಲುವ, ಚಿಕಿತ್ಸೆಯಿಲ್ಲದ ರೋಗವೊಂದು ಪತ್ತೆಯಾಯಿತು. ಎಂಜಲು, ಮೂತ್ರ, ಮಣ್ಣಿನ ಮೂಲಕ ಹರಡುವ ಆ ರೋಗಕ್ಕೆ ಜಿಂಕೆಗಳು ಒಂದೆಡೆ ಗುಂಪುಗೂಡುವುದೇ ಅನುಕೂಲ. ರೋಗಪೀಡಿತ ಕೌಂಟಿಗಳಲ್ಲಿ ಕಾಳು ಸುರಿಯುವುದನ್ನು ವಿಸ್ಕಾನ್ಸಿನ್ ನಿಷೇಧಿಸಿದೆ; ನೆಲದಲ್ಲಿ ಬೇರೂರಿ ಬೆಳೆದ ಮೇವಿನ ತಾಕಿಗೆ ಮಾತ್ರ ಅವಕಾಶವಿದೆ. ರಾಶಿ ಸುರಿದ ಕಾಳಿನ ಸುತ್ತ ಬಾಯಿಗೆ ಬಾಯಿ ತಾಗುತ್ತದೆ. ಹರಡಿದ ಬೆಳೆಯಲ್ಲಿ ಮೃಗವೂ ಹರಡಿಕೊಂಡು ಮೇಯುತ್ತದೆ. ಈ ಭೇದ ಸಣ್ಣದೇನಲ್ಲ. ಹಾಗೆಂದು ತಾಕು ನಿರಪಾಯವೆಂದೂ ಅಲ್ಲ.

ಅರ್ಥಶಾಸ್ತ್ರದ ಎರಡು ವನಗಳು ಇಂದು ಒಂದು ಕುಟುಂಬದ ಬೇಲಿಯೊಳಗೆ ಬಂದು ನಿಂತಿವೆ. ಬಿತ್ತಿದವನು ತನ್ನ ತಾಕಿನಲ್ಲಿ ಎಷ್ಟು ಜಿಂಕೆ ಮೇಯ್ದವು ಎಂದು ಎಣಿಸಿದರೆ ಸಾಲದು. ಆಚೆಯ ಕಾಡಿನಲ್ಲಿ ಓಕ್ ಮರದ ಸಸಿ ಮೇಲೇಳುತ್ತಿದೆಯೇ, ಮೊಣಕಾಲೆತ್ತರದ ಹಸುರು ಉಳಿದಿದೆಯೇ ಎಂದೂ ನೋಡಬೇಕಾಗುತ್ತದೆ. ಬ್ಯಾರಬೂ ಬಳಿಯ ಆ ಮರಳುನೆಲದಲ್ಲಿ ಲಿಯೊಪೋಲ್ಡ್ ಕುಟುಂಬ ನೆಟ್ಟ ಪೈನ್ ಮರಗಳು ಇಂದು ತೋಪಾಗಿ ನಿಂತಿವೆ, ಕೋಳಿಗೂಡೂ ಉಳಿದಿದೆ. ಲಿಯೊಪೋಲ್ಡ್ ಅಲ್ಲಿ ಬಿಲ್ಲಿನಿಂದ ಒಂದು ಜಿಂಕೆಯನ್ನೂ ಕೆಡವಲಿಲ್ಲ.