ಪೇಟ ತೊಟ್ಟ ವೈಮಾನಿಕ: ಸರ್ದಾರ್ ಹರ್ದಿತ್ ಸಿಂಗ್ ಮಲಿಕ್

"ಆಟಕ್ಕೆ ಬಿದ್ದವನ ಪಾಠ ಕೆಟ್ಟಿತು" ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಹಳೆಯದು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಾವೇ ತಂದೆತಾಯಿಯರಾಗಿ ಈ ಮಾತನ್ನು ಮಕ್ಕಳಿಗೆ ಹೇಳುತ್ತಿರಬಹುದು. ಅವರಿಗಾಗಿ ಇಂದು ಒಬ್ಬ ಅಪೂರ್ವ ವ್ಯಕ್ತಿಯ ವಿಷಯ ಬರೆಯುತ್ತಿದ್ದೇನೆ. ನಾನು ಕಲಿಸಿದ ಪಠ್ಯಪುಸ್ತಕಗಳ ಮೊದಲ ಮಹಾಯುದ್ಧದ ಪಾಠದಲ್ಲಿ ಇವರ ಹೆಸರಿರಲಿಲ್ಲ.

ಹರ್ದಿತ್ ಸಿಂಗ್ ಮಲಿಕ್ ಹುಟ್ಟಿದ್ದು 1894ರಲ್ಲಿ, ರಾವಲ್ಪಿಂಡಿಯಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋಗಿ, ಮುಂದೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜನ್ನು ಸೇರಿದರು. ಗಾಲ್ಫ್‌ನಲ್ಲಿ ಆಕ್ಸ್‌ಫರ್ಡನ್ನು ಪ್ರತಿನಿಧಿಸಿದರು. 1914ರಲ್ಲಿ ಸಸೆಕ್ಸ್ ಕೌಂಟಿಯ ಪರವಾಗಿ ಪ್ರಥಮ ದರ್ಜೆಯ ಕ್ರಿಕೆಟ್ ಆಡಿದರು. ಆ ಕಾಲದ ಭಾರತೀಯ ತರುಣನಿಗೆ ಇದು ಸಾಮಾನ್ಯ ಗೌರವವಲ್ಲ.

ಅದೇ ವರ್ಷ ಯುದ್ಧ ಆರಂಭವಾಯಿತು. ಜೊತೆಯಲ್ಲಿ ಆಡಿದ ಆಂಗ್ಲ ಗೆಳೆಯರು ಅಧಿಕಾರಿಗಳಾಗಿ ರಣರಂಗಕ್ಕೆ ತೆರಳಿದರು. ಮಲಿಕರಿಗೆ ಮಾತ್ರ ಆ ಅವಕಾಶವಿರಲಿಲ್ಲ. ಆಟದ ಮೈದಾನ ಒಪ್ಪಿಕೊಂಡವನನ್ನು ಸಾಮ್ರಾಜ್ಯದ ನಿಯಮ ಒಪ್ಪಿಕೊಳ್ಳಲಿಲ್ಲ. ಅವರು ಧೃತಿಗೆಡದೆ ಫ್ರಾನ್ಸಿಗೆ ಹೋಗಿ ರೆಡ್‌ಕ್ರಾಸ್ ಆಂಬುಲೆನ್ಸ್ ಓಡಿಸಿದರು. ಬಳಿಕ ಫ್ರೆಂಚ್ ವಾಯುಪಡೆಯನ್ನು ಸೇರಲು ಯತ್ನಿಸಿದರು. ಫ್ರೆಂಚರು ಒಪ್ಪಿದರು. ಈ ಸಂಗತಿಯನ್ನು ತಿಳಿದ ಅವರ ಆಕ್ಸ್‌ಫರ್ಡಿನ ಗುರು ಫ್ರಾನ್ಸಿಸ್ ಅರ್ಕರ್ಟ್ ಬ್ರಿಟಿಷ್ ವಾಯುಪಡೆಯ ಮುಖ್ಯಸ್ಥ ಜನರಲ್ ಹೆಂಡರ್ಸನ್ನರಿಗೆ ಪತ್ರ ಬರೆದರು. ಪರರಾಷ್ಟ್ರ ಸ್ವೀಕರಿಸುವ ಭಾರತೀಯ ಪ್ರಜೆಯನ್ನು ಬ್ರಿಟನ್ ನಿರಾಕರಿಸುವುದು ನಾಚಿಕೆಗೇಡು ಎಂಬುದು ಅವರ ವಾದ. ಬಾಗಿಲು ತೆರೆಯಿತು. 1917ರ ಏಪ್ರಿಲ್‌ನಲ್ಲಿ ಮಲಿಕ್ ರಾಯಲ್ ಫ್ಲೈಯಿಂಗ್ ಕೋರ್‌ನ ಅಧಿಕಾರಿಯಾದರು. ಶಿಷ್ಯನ ಪರವಾಗಿ ಗುರುವೊಬ್ಬ ಬರೆದ ಕಾಗದ ಎಷ್ಟು ದೂರ ಮುಟ್ಟಬಲ್ಲದೆಂದು ನೋಡಿ!

ಅವರು ಪೇಟವನ್ನು ತೆಗೆಯಲಿಲ್ಲ; ಅದರ ಮೇಲೆ ಕೂರುವಷ್ಟು ದೊಡ್ಡ ಶಿರಸ್ತ್ರಾಣವನ್ನೇ ಮಾಡಿಸಿಕೊಂಡರು. 28ನೆಯ ಸ್ಕ್ವಾಡ್ರನ್‌ನಲ್ಲಿ ಸಾಪ್‌ವಿತ್ ಕ್ಯಾಮೆಲ್ ವಿಮಾನ ನಡೆಸಿದರು. 1917ರ ಅಕ್ಟೋಬರ್ 26ರಂದು ನಡೆದ ಕಾಳಗದಲ್ಲಿ ಅವರ ವಿಮಾನಕ್ಕೆ ನಾಲ್ಕುನೂರಕ್ಕೂ ಹೆಚ್ಚು ಗುಂಡುಗಳು ತಗುಲಿದವು; ಕಾಲಿಗೆ ಹೊಕ್ಕ ಎರಡು ಗುಂಡುಗಳು ಜೀವನಪರ್ಯಂತ ಅಲ್ಲಿಯೇ ಉಳಿದವು. ಚೇತರಿಸಿಕೊಂಡು ಅವರು ಮತ್ತೆ ಹಾರಿದರು. ಆ ಯುದ್ಧದಲ್ಲಿ ಹಾರಿದ ನಾಲ್ವರು ಭಾರತೀಯ ವೈಮಾನಿಕರ ಪೈಕಿ ಇಂದ್ರಲಾಲ್ ರಾಯ್ ಮತ್ತು ವೇಲಿಂಕರ್ 1918ರಲ್ಲಿ ಮಡಿದರು. ಸೇನ್ ಶತ್ರುವಿನ ಸೆರೆಯಾಳಾಗಿದ್ದು ಬದುಕಿ ಬಂದರು.

ಯುದ್ಧಾನಂತರ ಮಲಿಕ್ ಐ.ಸಿ.ಎಸ್. ಸೇರಿದರು. ಗುಂಡು ಹೊತ್ತ ಕಾಲಿನಲ್ಲಿಯೇ ಮತ್ತೆ ಪ್ರಥಮ ದರ್ಜೆಯ ಕ್ರಿಕೆಟ್ ಆಡಿದರು. ಅವರು ಸ್ವಂತ ಉದ್ಯಮ ಕಟ್ಟಿದವರಲ್ಲ. ಆದರೆ ದೇಶದ ವ್ಯಾಪಾರವನ್ನು ಮುನ್ನಡೆಸುವ ಹೊಣೆ ಅವರಿಗೆ ಬಂದಿತು. ಭಾರತ ಸರ್ಕಾರದ ವಾಣಿಜ್ಯ ಆಯುಕ್ತರಾಗಿ ನ್ಯೂಯಾರ್ಕಿನಲ್ಲಿ ಕುಳಿತು, ನಮ್ಮ ಸರಕಿಗೆ ಅಲ್ಲಿ ಮಾರುಕಟ್ಟೆ ದೊರಕಿಸುವ ಕೆಲಸವನ್ನು ನಿರ್ವಹಿಸಿದರು. 1944ರಿಂದ 1947ರವರೆಗೆ ಪಟಿಯಾಲ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು. ದೇಶ ವಿಭಜನೆಯಾದಾಗ ಅವರ ಹುಟ್ಟೂರೇ ಪಾಕಿಸ್ತಾನಕ್ಕೆ ಸೇರಿಹೋಯಿತು. ಬಳಿಕ ಕೆನಡಾದಲ್ಲಿ ಸ್ವತಂತ್ರ ಭಾರತದ ಪ್ರಥಮ ಹೈಕಮಿಷನರ್ ಆದರು. ಅನಂತರ ಫ್ರಾನ್ಸಿನಲ್ಲಿ ರಾಯಭಾರಿಯಾದರು. 1954ರಲ್ಲಿ ಪುದುಚೇರಿ ಭಾರತಕ್ಕೆ ಹಸ್ತಾಂತರವಾದಾಗ ಪ್ಯಾರಿಸ್ಸಿನಲ್ಲಿ ನಮ್ಮ ಪ್ರತಿನಿಧಿಯಾಗಿದ್ದವರು ಇವರೇ. ತಾರುಣ್ಯದಲ್ಲಿ ತನಗೆ ಬಾಗಿಲು ತೆರೆದ ದೇಶಕ್ಕೆ ಅವರು ಸ್ವತಂತ್ರ ರಾಷ್ಟ್ರದ ದೂತರಾಗಿ ಮರಳಿದ್ದರು.

ವೃದ್ಧಾಪ್ಯದಲ್ಲಿಯೂ ಗಾಲ್ಫ್ ಬಿಡದ ಮಲಿಕ್ 1985ರಲ್ಲಿ ತೀರಿಕೊಂಡರು. ಅವರ ಮರಣಾನಂತರ ಪ್ರಕಟವಾದ ಆತ್ಮಕಥೆಯ ಹೆಸರು 'ಎ ಲಿಟ್ಲ್ ವರ್ಕ್, ಎ ಲಿಟ್ಲ್ ಪ್ಲೇ'. ಸ್ವಲ್ಪ ಕೆಲಸ, ಸ್ವಲ್ಪ ಆಟ ಎಂದರ್ಥ. ಆಟ, ಹಾರಾಟ, ಆಡಳಿತ ಎಲ್ಲವನ್ನೂ ಅವರು ಒಂದೇ ದಿನ ತಲೆಯ ಮೇಲೆ ಹೊತ್ತವರಲ್ಲ. ಆಯಾ ಕಾಲಕ್ಕೆ ಬಂದುದನ್ನು ಮನಸ್ಸಿಟ್ಟು ಮಾಡಿದರು. ಆದರೆ ಆಟವನ್ನು ಯಾವ ಕಾಲದಲ್ಲಿಯೂ ಕೈಬಿಡಲಿಲ್ಲ. ಸಂಜೆ ಮೈದಾನದಿಂದ ತಡವಾಗಿ ಬಂದ ಮಗುವನ್ನು ಗದರಿಸುವ ಮುನ್ನ ಇವರನ್ನೊಮ್ಮೆ ನೆನೆದುಕೊಳ್ಳಿ. ಹೋಂವರ್ಕ್ ಆಮೇಲೂ ಮಾಡಿಸಬಹುದು.