ಆಗಸದ ದಿಗಿಣ, ಎಂಜಿನ್ನಿನ ಬೆವರು

ವಜ್ರಳ್ಳಿಯ ಸುತ್ತಿನ ಕಣಿವೆಗಳಲ್ಲಿ, ಗುಡ್ಡದ ಅಬ್ಬಿಯ ನೀರು ತಾನಾಗಿ ಹರಿದು ಬರದ ಅಡಕೆ ತೋಟಗಳಿಗೆ ವಿದ್ಯುತ್ತಿನ ತಂತಿ ಕಾಡು ದಾಟಿ ಬರುವುದಕ್ಕೆ ಮುನ್ನ, ಹಳ್ಳದಂಚಿನ ಸೋಗೆಯ ಮಾಡಿನ ಕೆಳಗೆ ಕುಳಿತು ನೀರೆತ್ತುತ್ತಿದ್ದ ಡೀಸೆಲ್ ಪಂಪನ್ನು ಕಂಡವರಿಗೆ, ಅದರ ಮಗ್ಗುಲಲ್ಲಿರುತ್ತಿದ್ದ ನೀರಿನ ಡ್ರಮ್ಮೂ ನೆನಪಿರಬೇಕು. ಎಂಜಿನ್ನು ಅರ್ಧ ತಾಸು ಓಡಿತೆಂದರೆ ಡ್ರಮ್ಮಿನ ನೀರು ಬೆರಳಿಡಲಾಗದಷ್ಟು ಕಾಯುತ್ತಿತ್ತು. ಮಾಘದ ಚಳಿಯ ಮುಂಜಾವಿನಲ್ಲಿ ತೋಟಕ್ಕಿಳಿದವರಿಗೆ ಕೈಕಾಲು ತೊಳೆಯಲು ಅದೊಂದು ಉಪಕಾರವೂ ಆಗಿತ್ತು. “ಡ್ರಮ್ಮಿಗೆ ನೀರು ಹಾಕಿದ್ಯ ತಮಾ?” ಎಂದು ಹಿರಿಯರು ಅಂಗಳದಿಂದಲೇ ಕೂಗಿ ಕೇಳುತ್ತಿದ್ದ ಪ್ರಶ್ನೆಯಲ್ಲಿ ಯಂತ್ರಶಾಸ್ತ್ರದ ಒಂದು ಮಹಾಸೂತ್ರವೇ ಅಡಗಿತ್ತೆಂಬುದು, ಬಹಳ ವರ್ಷಗಳ ಅನಂತರ ವಿಮಾನಗಳ ಇತಿಹಾಸವನ್ನು ಓದತೊಡಗಿದಾಗ ನನಗೆ ಹೊಳೆಯಿತು. ನೀರು ಹಾಕುವುದನ್ನು ಮರೆತು ಆಟಕ್ಕೆ ಓಡಿದ ನನ್ನ ಕೃಪೆಯಿಂದ ಒಮ್ಮೆ ಪಿಸ್ಟನ್ನು ಸಿಲಿಂಡರಿನ ಒಳಗೋಡೆಯನ್ನು ಬೆಸುಗೆಯಿಟ್ಟಂತೆ ಕಚ್ಚಿಕೊಂಡು, ಆ ಭಾರದ ಎಂಜಿನ್ನನ್ನು ಗಾಡಿಯ ಮೇಲೇರಿಸಿ ಯಲ್ಲಾಪುರಕ್ಕೆ ಒಯ್ದದ್ದೂ ಉಂಟು.

ನೆಲದ ಮೇಲಿನ ಎಂಜಿನ್ನಿಗೆ ಡ್ರಮ್ಮು ಉಂಟು, ಹಳ್ಳ ಉಂಟು, ನಿಲ್ಲಿಸಿ ಆರಲು ಬಿಡುವ ಅವಕಾಶವೂ ಉಂಟು. ಇವು ಮೂರೂ ಇಲ್ಲದ ಎಂಜಿನ್ನೊಂದು ಆಕಾಶದಲ್ಲಿ ತನ್ನ ತಾಪವನ್ನು ಹೇಗೆ ನೀಗಿಕೊಂಡಿತೆಂಬುದು ವಿಮಾನದ ಚರಿತ್ರೆಯಲ್ಲಿ ಯಾರೂ ಗಮನವಿಟ್ಟು ಹೇಳದ ಅಧ್ಯಾಯ. ಚರಿತ್ರಕಾರರು ರೆಕ್ಕೆಯನ್ನು ವರ್ಣಿಸುತ್ತಾರೆ, ವೈಮಾನಿಕನ ಧೈರ್ಯವನ್ನು ಕೊಂಡಾಡುತ್ತಾರೆ. ಉಷ್ಣದ ವಿಚಾರವು ಅಡಿಗೆಮನೆಯ ಸಂಗತಿಯೆಂಬಂತೆ ಹಿತ್ತಿಲಿಗೆ ಸರಿದುಬಿಡುತ್ತದೆ. ಆದರೆ ಪೆಟ್ರೋಲು ಉರಿಯುವಾಗ ಸಿಲಿಂಡರಿನೊಳಗಿನ ಜ್ವಾಲೆಯ ತಾಪವು 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಜ್ವಾಲೆಯನ್ನು ತನ್ನೊಳಗಿಟ್ಟುಕೊಂಡ ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಗೇ ಕರಗಿ ನೀರಾಗುವ ಲೋಹ. ಉರಿದ ಇಂಧನದ ಶಕ್ತಿಯಲ್ಲಿ ಪ್ರೊಪೆಲರನ್ನು ತಿರುಗಿಸಲು ದಕ್ಕುವುದು ಕಾಲುಪಾಲು, ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದುದೆಲ್ಲವೂ ಹೊಗೆಯ ಕೊಳವೆಯಿಂದಲೋ ಲೋಹದ ಮೈಯಿಂದಲೋ ಹೊರಬೀಳಬೇಕಾದ ವ್ಯರ್ಥ ತಾಪ.

1903ರ ಡಿಸೆಂಬರ್ 17ರಂದು ರೈಟ್ ಸೋದರರು ಹಾರಿಸಿದ 12 ಅಶ್ವಶಕ್ತಿಯ ಎಂಜಿನ್ನಿನಲ್ಲಿ ನಮ್ಮ ಡ್ರಮ್ಮಿನ ಸೋದರಸಂಬಂಧಿಯೇ ಇದ್ದಿತು: ರೆಕ್ಕೆಗಳ ನಡುವಣ ಕಂಬಕ್ಕೆ ಕಟ್ಟಿದ, ನೆಟ್ಟಗೆ ನಿಂತ ನೀರಿನ ಕೊಳವೆಗಳು. ಆದರೆ ಆಕಾಶಕ್ಕೆ ನೀರನ್ನು ಹೊತ್ತೊಯ್ಯುವುದೆಂದರೆ ಹಾರುವ ಶಕ್ತಿಯನ್ನು ನೀರು ಹೊರುವುದಕ್ಕೆ ಒತ್ತೆಯಿಟ್ಟಂತೆ. ಆದುದರಿಂದಲೇ 1908ರ ಹೊತ್ತಿಗೆ ಫ್ರಾನ್ಸಿನ ಸೆಗೆಂ ಸೋದರರು ‘ನೋಮ್’ ಎಂಬ ಎಂಜಿನ್ನನ್ನು ಕಟ್ಟಿ, ಗಾಳಿಯನ್ನು ಎಂಜಿನ್ನಿನ ಬಳಿಗೆ ತರುವ ಬದಲು ಎಂಜಿನ್ನನ್ನೇ ಗಾಳಿಯಲ್ಲಿ ಬೀಸಿದರು. ಒಳಗಿನ ದಂಡವು ವಿಮಾನಕ್ಕೆ ಬಿಗಿದು ನಿಶ್ಚಲವಾಗಿದ್ದು, ಸಿಲಿಂಡರುಗಳ ಇಡೀ ಚಕ್ರವೇ ಪ್ರೊಪೆಲರಿನೊಡನೆ ಗಿರಗಿರನೆ ತಿರುಗುತ್ತಿತ್ತು. ಅದರ ಕೀಲುಗಳಿಗೆ ಪೆಟ್ರೋಲಿನಲ್ಲಿ ಕರಗದ ಎಣ್ಣೆ ಬೇಕಾಗಿದ್ದು, ಆ ಗುಣವುಳ್ಳುದು ಹರಳೆಣ್ಣೆ. ಉರಿದು ಉಳಿದ ಹರಳೆಣ್ಣೆಯೆಲ್ಲ ವೈಮಾನಿಕನ ಮುಖಕ್ಕೆ ಸಿಡಿಯುತ್ತಿತ್ತೆಂದ ಮೇಲೆ, ಆ ಕಾಲದ ವೀರರ ಉದರಸ್ಥಿತಿಯನ್ನು ಕುರಿತು ನಮ್ಮ ಅಜ್ಜಿಯಂದಿರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಇಂಥ 70 ಅಶ್ವಶಕ್ತಿಯ ನೋಮ್ ಎಂಜಿನ್ನನ್ನು ಹೊತ್ತ ನ್ಯೂಪೋರ್ ವಿಮಾನದಲ್ಲಿಯೇ 1913ರ ಸೆಪ್ಟೆಂಬರ್ 9ರಂದು ಪ್ಯೋತರ್ ನೆಸ್ತೆರೋವ್ ಎಂಬ ರಷ್ಯದ ಸೇನಾಧಿಕಾರಿ ಕೀವ್ ನಗರದ ಮೇಲೆ ಆಕಾಶದಲ್ಲಿ ಪೂರ್ಣ ವರ್ತುಲವೊಂದನ್ನು ಬರೆದನು. ಸರ್ಕಾರದ ಸ್ವತ್ತನ್ನು ಅಪಾಯಕ್ಕೊಡ್ಡಿದನೆಂದು ಅವನಿಗೆ ಮೊದಲು ದೊರೆತುದು ಹತ್ತು ದಿನಗಳ ಬಂಧನ. ಕೆಲವೇ ದಿನಗಳಲ್ಲಿ ಫ್ರಾನ್ಸಿನ ಪೆಗೂ ಅದೇ ಕಸರತ್ತನ್ನು ಮಾಡಿ ಲೋಕಪ್ರಸಿದ್ಧನಾದಾಗ, ಮೊದಲಿಗನು ತಮ್ಮವನೆಂಬ ಅರಿವು ಬಂದು ಬಡ್ತಿಯನ್ನೂ ಕೊಟ್ಟರು. ಅಧಿಕಾರವರ್ಗದ ನಡವಳಿಕೆ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ.

ಈ ಬಗೆಯ ಹಾರಾಟಕ್ಕೆ ಕನ್ನಡದಲ್ಲಿ ಬೇರೊಂದು ಪದವನ್ನು ಕಟ್ಟುವ ಶ್ರಮವೇಕೆ? ನಮ್ಮ ಕಡೆಯ ಯಕ್ಷಗಾನದಲ್ಲಿ ವೇಷಧಾರಿಯು ನೆಲವನ್ನು ಬಿಟ್ಟು ಗಾಳಿಯಲ್ಲಿ ಸುತ್ತುವುದಕ್ಕೆ ದಿಗಿಣವೆನ್ನುತ್ತಾರೆ. ವಿಮಾನದ ದಿಗಿಣವೆಂದರೂ ಅರ್ಥವಾದೀತು. ಸಾಮ್ಯವು ಹೊರನೋಟಕ್ಕಷ್ಟೇ ನಿಲ್ಲುವುದಿಲ್ಲ. ಕಿರೀಟ, ಎದೆಪದಕ, ಬಿಗಿದ ಕಸೆಗಳ ನಡುವೆ ಗಾಳಿಯಾಡದೆ ಬೆವರುವ ವೇಷಧಾರಿಗೆ ಕುಣಿತದ ಭರಾಟೆಯಲ್ಲಿ ಕಾಣದ ಆಯಾಸವು ದಿಗಿಣದ ಮರುಗಳಿಗೆಯಲ್ಲಿ ಏರಿಬರುವಂತೆ, ಕೌಲಿಂಗ್ ಎಂಬ ತಗಡಿನ ಮುಸುಕನ್ನು ತೊಟ್ಟ ಎಂಜಿನ್ನಿನ ಕಷ್ಟವೂ ಇಂಥ ಹಾರಾಟದಲ್ಲಿಯೇ ಬಯಲಾಗುವುದು. ವಿಮಾನವು ಮೂಗನ್ನು ಮೇಲೆತ್ತಿ ನೆಟ್ಟಗೆ ಏರುವಾಗ ಎಂಜಿನ್ನು ಪೂರ್ಣಬಲದಿಂದ ದುಡಿಯುತ್ತಿರುತ್ತದೆ, ಆದರೆ ವೇಗವು ಕುಸಿಯುತ್ತಿರುವುದರಿಂದ ಒಳನುಗ್ಗುವ ಗಾಳಿ ಅತ್ಯಲ್ಪ. ಶಿಖರವನ್ನು ದಾಟಿ ಕೆಳಗೆ ಧುಮುಕುವಾಗ ಗಾಳಿಯು ಭೋರ್ಗರೆದು ನುಗ್ಗುತ್ತದೆ, ಆದರೆ ಆಗ ಬಲವನ್ನು ತಗ್ಗಿಸಿರುವುದರಿಂದ ಎಂಜಿನ್ನಿನಲ್ಲಿ ತಾಪವೇ ಇಲ್ಲ. ತಂಪು ಬೇಕಾದಾಗ ದೊರೆಯದೆ, ಬೇಡವಾದಾಗ ಸುರಿಯುವ ಈ ವೈಪರೀತ್ಯದಿಂದ ಸಿಲಿಂಡರಿನ ತಲೆಯು ನಿಮಿಷದೊಳಗೆ ಹಿಗ್ಗಿ ಕುಗ್ಗಿ, ಕಾಲಾಂತರದಲ್ಲಿ ಬಿರುಕು ಬಿಡುವುದುಂಟು.

ತಲೆಕೆಳಗಾಗಿ ಹಾರುವಾಗಿನ ತೊಡಕು ಇನ್ನೊಂದು ಬಗೆಯದು. ಎಣ್ಣೆಯು ತಳದ ತೊಟ್ಟಿಯನ್ನು ತೊರೆದು ಎಂಜಿನ್ನಿನ ನೆತ್ತಿಗೆ ಓಡುತ್ತದೆ. ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರುತ್ತದೆ. ಎಣ್ಣೆಯು ಕೀಲುಗಳನ್ನು ನುಣುಪಾಗಿಡುವುದಲ್ಲದೆ, ಗಾಳಿಗೆ ಎಟುಕದ ಒಳಭಾಗಗಳ ತಾಪವನ್ನು ಹೊತ್ತು ತರುವ ಹಮಾಲನೂ ಹೌದಾದುದರಿಂದ, ಅದರ ಹರಿವು ನಿಂತಿತೆಂದರೆ ನಮ್ಮ ಪಂಪಿನ ಗತಿಯೇ ಗತಿ. ದಿಗಿಣದ ವಿಮಾನಗಳಲ್ಲಿ ಇದಕ್ಕೆಂದು ತೊಟ್ಟಿಯ ತಳದಿಂದಲೂ ಎಂಜಿನ್ನಿನ ನೆತ್ತಿಯಿಂದಲೂ ಎರಡು ಕೊಳವೆಗಳನ್ನು ತಂದು, ನಡುವೆ ಗುಂಡುಗಳಿರುವ ಕವಾಟವೊಂದನ್ನು ಇಡುತ್ತಾರೆ. ವಿಮಾನವು ಮಗುಚಿದಾಗ ಗುಂಡು ತನ್ನ ಭಾರದಿಂದಲೇ ಉರುಳಿ ಒಂದು ದಾರಿಯನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಪೆಟ್ರೋಲಿನ ಟ್ಯಾಂಕಿನೊಳಗೂ ತುದಿಯಲ್ಲಿ ತೂಕವುಳ್ಳ ಬಳುಕುವ ಕೊಳವೆಯೊಂದಿದ್ದು, ಪೆಟ್ರೋಲು ಎತ್ತ ಸರಿದರೆ ಅದೂ ಅತ್ತ ವಾಲುತ್ತದೆ. ಇಷ್ಟು ಸರಳವಾದ ಉಪಾಯಗಳಿಗಾಗಿ ಎಷ್ಟು ಎಂಜಿನ್ನುಗಳು ಆಕಾಶದಲ್ಲಿ ಮೌನವಾದವೋ!

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ನೆಲೆ ದೊರೆತುದು 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ. ಯುದ್ಧಕಾಲದಲ್ಲಿ ಅದು ಪರರ ವಿಮಾನಗಳನ್ನು ರಿಪೇರಿಮಾಡುವ ಕಾರ್ಯಾಗಾರವಾಗಿಯೇ ಬಹುಪಾಲು ಕಳೆಯಿತು. ಜರ್ಮನಿಯ ಗೋಟಿಂಗೆನ್ನಿನಲ್ಲಿ ಪ್ರಾಂಟ್ಲ್ ಮಹಾಶಯರ ಶಿಷ್ಯರಾಗಿದ್ದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ಬೋಧನೆಯನ್ನು ಆರಂಭಿಸಿದ ವಿ. ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು 1951ರ ಆಗಸ್ಟಿನಲ್ಲಿ ಕ್ಯಾಪ್ಟನ್ ಜಮ್‌ಶೇಡ್ ಮುನ್ಷಿಯವರು ಮೊದಲಬಾರಿಗೆ ಮೇಲೇರಿಸಿದರು. ಅದು ದಿಗಿಣ ಹಾಕಬಲ್ಲ ವಿಮಾನ. ಅದರ ಸಿರಸ್ ಮೇಜರ್ ಎಂಜಿನ್ನು 155 ಅಶ್ವಶಕ್ತಿಯದಾಗಿದ್ದು, ನಾಲ್ಕು ಸಿಲಿಂಡರುಗಳು ಒಂದರ ಹಿಂದೊಂದು ತಲೆಕೆಳಗಾಗಿ ತೂಗುತ್ತಿದ್ದುವು. ಊಟದ ಪಂಕ್ತಿಯಲ್ಲಿ ಮುಂದಿನವರು ಬಡಿಸಿಕೊಂಡು ಉಳಿದುದಷ್ಟೇ ಹಿಂದಿನವರಿಗೆ ಎಂಬಂತೆ, ಇಂಥ ಸಾಲಿನ ಎಂಜಿನ್ನಿನಲ್ಲಿ ಹಿಂಬದಿಯ ಸಿಲಿಂಡರಿಗೆ ಎಂಜಲು ಗಾಳಿಯೇ ಗತಿಯಾಗುವ ಭಯವಿರುವುದರಿಂದ, ಗಾಳಿಯನ್ನು ಸಾಲಿನ ಒಂದು ಮಗ್ಗುಲಿಗೆ ತಂದು, ತಗಡುಗಳಿಂದ ಅಡ್ಡಗಟ್ಟಿ, ಪ್ರತಿಯೊಂದು ಸಿಲಿಂಡರಿನ ಅಡ್ಡಕ್ಕೂ ಹರಿಯಿಸಿ, ಇನ್ನೊಂದು ಮಗ್ಗುಲಿನಿಂದ ಹೊರಬಿಡುವುದು ಆ ಕಾಲದ ಕ್ರಮ. ತೋಟದ ಮೂಲೆಮೂಲೆಗೂ ಕಟ್ಟು ಕಟ್ಟಿ ನೀರು ತಿರುಗಿಸುವ ನಮ್ಮವರು ಈ ಚಿತ್ರವನ್ನು ನೋಡಿದೊಡನೆ ತಿಳಿದಾರು.

1958ರಲ್ಲಿ ಅದೇ ಕಾರ್ಖಾನೆಯಿಂದ ಹೊರಬಂದ ಪುಷ್ಪಕವು ಎಚ್‌ಟಿ-2ರಷ್ಟು ಗಟ್ಟಿಗನಲ್ಲ. ಬಟ್ಟೆ ಹೊದಿಸಿದ ಎರಡು ಆಸನಗಳ ಸಾಧು ವಿಮಾನ, ಫ್ಲೈಯಿಂಗ್ ಕ್ಲಬ್ಬುಗಳ ಮಗು. ಆದರೆ ಅದರ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿನಲ್ಲಿ ಸಿಲಿಂಡರುಗಳು ಎಡಬಲಗಳಿಗೆ ಚಾಚಿ ಮಲಗಿದ್ದುವು. ಜಗತ್ತಿನ ಲಘುವಿಮಾನಗಳೆಲ್ಲ ಕ್ರಮೇಣ ತಲುಪಿದ ವಿನ್ಯಾಸ ಅದೇ. ಅದಕ್ಕೂ ಬಹಳ ಮುನ್ನ, 1928ರಲ್ಲಿ ಅಮೆರಿಕದ ಫ್ರೆಡ್ ವೀಕ್ ಮತ್ತು ಸಂಗಡಿಗರು ಎಂಜಿನ್ನನ್ನು ಸುತ್ತ ಮುಚ್ಚುವ ಕೌಲಿಂಗನ್ನು ರೂಪಿಸಿ, ಗಂಟೆಗೆ 118 ಮೈಲಿ ಓಡುತ್ತಿದ್ದ ವಿಮಾನವನ್ನು ಅದೇ ಬಲದಿಂದ 137 ಮೈಲಿ ಓಡಿಸಿದ ಮೇಲೆ, ಎಂಜಿನ್ನನ್ನು ಗಾಳಿಗೆ ಒಡ್ಡಿದಷ್ಟೂ ತಂಪೆಂಬ ನಂಬಿಕೆಯೇ ಬಿದ್ದುಹೋಯಿತು. ಪ್ರೊಪೆಲರಿನ ಎರಡು ಮಗ್ಗುಲ ಕಿಂಡಿಗಳಿಂದ ಹೊಕ್ಕ ಗಾಳಿಯನ್ನು ಎಂಜಿನ್ನಿನ ಮೇಲ್ಗಡೆ ಒತ್ತಡದಿಂದ ತಡೆದು ನಿಲ್ಲಿಸಿ, ಸಿಲಿಂಡರುಗಳ ತೆಳ್ಳನೆಯ ಲೋಹದ ಎಸಳುಗಳ ಸಂದಿನಿಂದ ಕೆಳಕ್ಕೆ ಜಾರಿಸಿ, ತಳದ ಬಾಯಿಂದ ಹೊರಬಿಡುವುದು ಮಲಗಿದ ಸಿಲಿಂಡರುಗಳ ಎಂಜಿನ್ನನ್ನು ತಂಪಾಗಿಸುವ ಕ್ರಮದ ಸಾರ.

ಮನೆಯ ಕೊಟ್ಟಿಗೆಯಲ್ಲಿ ತಾನೇ ವಿಮಾನ ಕಟ್ಟುವವನು ಸೋಲುವುದೂ ಕಲಿಯುವುದೂ ಇಲ್ಲಿಯೇ. ಫ್ರಾನ್ಸಿನ ಆಂರಿ ಮಿನ್ಯೆ 1934ರಲ್ಲಿ ಪುಸ್ತಕ ಬರೆದು ಜನಸಾಮಾನ್ಯರಿಗೆ ಈ ಹುಚ್ಚು ಹತ್ತಿಸಿದನು; ಅಮೆರಿಕದಲ್ಲಿ ಕರ್ಟಿಸ್ ಪಿಟ್ಸ್ 1944ರಲ್ಲಿ ಹಾರಿಸಿದ ಪುಟ್ಟ ದ್ವಿಪಕ್ಷ ವಿಮಾನದ ನಕ್ಷೆಗಳನ್ನು ಕೊಂಡು ಸ್ವಂತ ಕೈಯಿಂದ ದಿಗಿಣದ ವಿಮಾನ ಕಟ್ಟಿದವರು ಅನೇಕರು; ಪಾಲ್ ಪೊಬೆರೆಜ್ನಿ 1953ರಲ್ಲಿ ಅಂಥವರದೊಂದು ಸಂಘವನ್ನೇ ಕಟ್ಟಿದನು. ಇವರ ವಿಮಾನದ ಕೌಲಿಂಗನ್ನು ಬಿಚ್ಚಿ ನೋಡಿದರೆ ಎಂಜಿನ್ನಿನ ಸುತ್ತ ತಗಡಿನ ಗೋಡೆಗಳು, ಅವುಗಳ ಅಂಚಿಗೆ ಮೇಲ್ಮುಚ್ಚಳವನ್ನು ತಬ್ಬುವಂತೆ ಜೋಡಿಸಿದ ರಬ್ಬರಿನ ಪಟ್ಟಿ ಕಾಣುವುವು. ಆ ಪಟ್ಟಿಯು ಒಂದೆಡೆ ಹೊರಕ್ಕೆ ಮಡಚಿಕೊಂಡರೆ, ಕಿರುಬೆರಳು ತೂರುವಷ್ಟು ಸಂದು ಉಳಿದರೆ, ಎಸಳುಗಳ ನಡುವೆ ಹರಿಯಬೇಕಾದ ಗಾಳಿಯು ಆ ಕಳ್ಳದಾರಿಯಿಂದಲೇ ನುಸುಳಿಹೋಗಿ ಸಿಲಿಂಡರು ಕಾಯುವುದು. ಆಗ ಹೊಸಬರು ಮುಂದಿನ ಕಿಂಡಿಯನ್ನು ದೊಡ್ಡದು ಮಾಡುತ್ತಾರೆ. ಅನುಭವಿಗಳು ಸಂದನ್ನು ಮುಚ್ಚಿ, ಹೊರಹೋಗುವ ಬಾಯಿಯನ್ನು ವಿಚಾರಿಸುತ್ತಾರೆ. ನನ್ನ ಮಟ್ಟಿಗೆ, ವೈಮಾನಿಕನ ಶೌರ್ಯಕ್ಕಿಂತ ಈ ರಬ್ಬರಿನ ಪಟ್ಟಿಯನ್ನು ಒಪ್ಪವಾಗಿ ಕೂರಿಸುವ ತಾಳ್ಮೆಯೇ ಹೆಚ್ಚು ಗೌರವಕ್ಕೆ ಅರ್ಹವಾದುದು.

ಕನ್ನಡ ನೆಲದಲ್ಲಿ ಇಂಥ ಗೃಹನಿರ್ಮಿತಿಯ ನಕ್ಷೆಯೊಂದನ್ನು ಕೈಗೆತ್ತಿಕೊಂಡುದು, ವಿನೋದವೆನಿಸಿದರೂ, ಒಂದು ರಾಷ್ಟ್ರೀಯ ಪ್ರಯೋಗಾಲಯ. ಜಯಮಹಲ್ ರಸ್ತೆಯಲ್ಲಿ ಮೈಸೂರು ಮಹಾರಾಜರ ಕುದುರೆಲಾಯದಲ್ಲಿ ಬೆಂಗಳೂರಿನ ಬಾಳನ್ನು ಆರಂಭಿಸಿದ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯು, ಬರ್ಟ್ ರುಟಾನ್ ಎಂಬ ಅಮೆರಿಕನ್ನನು ಹವ್ಯಾಸಿಗಳಿಗೆಂದು ರಚಿಸಿದ್ದ ಲಾಂಗ್-ಇಝೀ ವಿಮಾನದ ನಕ್ಷೆಯನ್ನು ಅನುಸರಿಸಿ, ನೊರೆಪದರದ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಅಂಟಿಸಿ ಕಟ್ಟಿದ ಲಘು ವಿಮಾನವನ್ನು 1987ರಲ್ಲಿ ಹಾರಿಸಿತು. ಇದರ ಚಿಕ್ಕ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ. ಎಂಜಿನ್ನೂ ಪ್ರೊಪೆಲರೂ ಬಾಲದಲ್ಲಿ. ಮುಂದೆ ಪ್ರೊಪೆಲರಿರುವ ವಿಮಾನವು ನೆಲದ ಮೇಲೆ ನಿಂತಿರುವಾಗಲೂ ತನ್ನ ಎಂಜಿನ್ನಿಗೆ ತಾನೇ ಬೀಸಣಿಗೆ ಬೀಸುತ್ತದೆ. ಹಿಂದಿರುವುದಕ್ಕೆ ಆ ಸೌಕರ್ಯವಿಲ್ಲ. ಹೊಟ್ಟೆಯ ಕೆಳಗಿನ ಕಿಂಡಿಯಿಂದ ಗಾಳಿಯನ್ನೆಳೆದು, ಸಿಲಿಂಡರುಗಳ ನಡುವೆ ಕೆಳಗಿನಿಂದ ಮೇಲಕ್ಕೆ ಹರಿಯಿಸುವುದು ರುಟಾನನ ಮಾರ್ಗ.

ಆ ಗಾಜಿನ ನಾರಿನ ವಿದ್ಯೆಯಿಂದಲೇ ಅದೇ ಪ್ರಯೋಗಾಲಯದ ಹಂಸವೆಂಬ ವಿಮಾನವು ಹುಟ್ಟಿತು. 1993ರಲ್ಲಿ ಮೊದಲ ಹಂಸ ಹಾರಿತು, 1998ರಲ್ಲಿ ಹಂಸ-3. 2000ದಲ್ಲಿ ಅದಕ್ಕೆ ಪ್ರಮಾಣಪತ್ರ ದೊರೆಯಿತು. ಅದರ ರೋಟಾಕ್ಸ್ ಎಂಜಿನ್ನಿನಲ್ಲಿ ಸಿಲಿಂಡರಿನ ಒಡಲನ್ನು ಗಾಳಿ ತಂಪಾಗಿಸುತ್ತದೆ, ತಲೆಯನ್ನು ನೀರು. ರೈಟ್ ಸೋದರರು ಹೊತ್ತೊಯ್ದು, ಅವರ ಅನಂತರದ ಕೆಲವರು ಭಾರವೆಂದು ಇಳಿಸಿದ ನೀರು ಹೀಗೆ ಒಂದು ಶತಮಾನದ ಕೊನೆಯಲ್ಲಿ ನಮ್ಮ ಲಘು ವಿಮಾನವನ್ನೂ ಏರಿತು. ಆದರೆ ಹಂಸವನ್ನು ಪರೀಕ್ಷಿಸಿ ಒಪ್ಪಿದುದು ಅತಿ ಲಘು ವಿಮಾನಗಳ ನಿಯಮಾವಳಿಗೆ ಅನುಗುಣವಾಗಿ. ಆ ನಿಯಮಾವಳಿಯಂತೆ ಅದು ದಿಗಿಣ ಹಾಕುವಂತಿಲ್ಲ.